ಅವರ ಮಾತು, ನಮ್ಮ ಉತ್ತರ

ದಿನವೂ ನಾವು ಎಷ್ಟೋ ಮಂದಿಯ ಮಾತನ್ನು ಎಷ್ಟೋ ಮಂದಿಗೆ ತಲುಪಿಸುತ್ತೇವೆ. “ಟೀಚರ್ ಹೀಗೆ ಹೇಳಿದರು” ಎಂದು ಮನೆಯಲ್ಲಿ ಹೇಳುತ್ತೇವೆ. “ಅಮ್ಮ ಹೀಗೆ ಹೇಳಿದ್ದಾರೆ” ಎಂದು ಶಾಲೆಯಲ್ಲಿ ಹೇಳುತ್ತೇವೆ. ಗೆಳೆಯನ ಮಾತನ್ನು ಗೆಳತಿಗೆ, ಅಂಗಡಿಯವರ ಮಾತನ್ನು ಅಜ್ಜನಿಗೆ ಮುಟ್ಟಿಸುತ್ತೇವೆ. ಇದೇನು ದೊಡ್ಡ ಕೆಲಸ ಎಂದು ನಿಮಗೆ ಅನಿಸಬಹುದು. ಇದು ದೊಡ್ಡ ಕೆಲಸವೇ ಹೌದು ಎಂಬುದು ನನ್ನ ಅಭಿಪ್ರಾಯ. ಇನ್ನೊಬ್ಬರ ಮಾತನ್ನು ಎತ್ತಿ ಹೇಳುವಾಗ ಅವರ ಮಾನ ನಮ್ಮ ಕೈಯಲ್ಲಿರುತ್ತದೆ. ಆ ಮಾತಿಗೆ ಉತ್ತರ ಕೊಡುವಾಗ ನಮ್ಮ ಮಾನವೂ ಅದರ ಜೊತೆಗೆ ಸೇರಿಕೊಳ್ಳುತ್ತದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ತರಗತಿಯಲ್ಲಿ ಚರ್ಚೆ ನಡೆಯುತ್ತಿದೆ. ಶಾಲಾ ವಾರ್ಷಿಕೋತ್ಸವಕ್ಕೆ ಯಕ್ಷಗಾನ ಬೇಕೋ ನಾಟಕ ಬೇಕೋ ಎಂಬುದು ವಿಷಯ. ಒಬ್ಬಳು ಹುಡುಗಿ ಎದ್ದು ನಿಂತು, “ನನಗೆ ಯಕ್ಷಗಾನ ತುಂಬಾ ಇಷ್ಟ. ಆದರೆ ಈಗ ಪರೀಕ್ಷೆ ಹತ್ತಿರ ಬಂದಿದೆ. ಕುಣಿತ ಕಲಿಯಲು ಸಮಯ ಸಾಲದು. ಆದುದರಿಂದ ಈ ವರ್ಷ ನಾಟಕ ಮಾಡೋಣ” ಎಂದಳು. ಮಧ್ಯಾಹ್ನ ಊಟದ ಹೊತ್ತಿಗೆ ಈ ಮಾತು ಪಕ್ಕದ ತರಗತಿಗೆ ತಲುಪಿತು. ಹೇಗೆ ತಲುಪಿತು ಗೊತ್ತೇ? “ಅವಳಿಗೆ ಯಕ್ಷಗಾನ ಬೇಡವಂತೆ!” ಸಂಜೆಯಾಗುವಾಗ ಅದು ಇನ್ನಷ್ಟು ಬೆಳೆಯಿತು. “ಅವಳಿಗೆ ಯಕ್ಷಗಾನ ಕಂಡರೇ ಆಗುವುದಿಲ್ಲವಂತೆ!” ಮರುದಿನ ಇಬ್ಬರು ಗೆಳತಿಯರು ಅವಳೊಡನೆ ಮಾತು ಬಿಟ್ಟರು.

ಇಲ್ಲಿ ಯಾರೂ ಸುಳ್ಳನ್ನು ಹೊಸೆದು ಹೇಳಲಿಲ್ಲ. ನಾಲ್ಕು ವಾಕ್ಯಗಳಲ್ಲಿ ಮೂರನ್ನು ಕೈಬಿಟ್ಟರು, ಅಷ್ಟೆ. ಆದರೂ ಆ ಹುಡುಗಿ ಆಡಿದ ಮಾತು ತಲೆಕೆಳಗಾಯಿತು. ‘ಇಷ್ಟ’ ಎಂದವಳು ‘ಆಗುವುದಿಲ್ಲ’ ಎಂದವಳಾದಳು. ಇದಕ್ಕೆ ಉತ್ತರ ಕೊಡಲು ಹೊರಟವರೂ ಅವಳು ಹೇಳದ ಮಾತಿಗೆ ಉತ್ತರ ಕೊಟ್ಟರು. ಅವಳು ಕೇಳಿದ ನಿಜವಾದ ಪ್ರಶ್ನೆ, ಅಂದರೆ ‘ಸಮಯ ಸಾಲುತ್ತದೆಯೇ?’ ಎಂಬುದು, ಹಾಗೆಯೇ ಉಳಿಯಿತು. ಅದಕ್ಕೆ ಯಾರೂ ಉತ್ತರಿಸಲೇ ಇಲ್ಲ.

ನಮ್ಮ ಕನ್ನಡ ಭಾಷೆ ಈ ವಿಷಯದಲ್ಲಿ ಬಹಳ ಎಚ್ಚರದ ಭಾಷೆ. ಇನ್ನೊಬ್ಬರ ಮಾತು ಮುಗಿದ ಕಡೆ ನಾವು ‘ಎಂದು’ ಎಂಬ ಪದವನ್ನು ಇಡುತ್ತೇವೆ. “ನಾನು ನಾಳೆ ಬರುತ್ತೇನೆ ಎಂದು ಅಣ್ಣ ಹೇಳಿದನು” ಎನ್ನುವಾಗ ‘ಬರುತ್ತೇನೆ’ ಎಂಬಲ್ಲಿಯವರೆಗೆ ಅಣ್ಣನ ಮಾತು. ‘ಎಂದು’ ಬಂದ ಮೇಲೆ ನಮ್ಮ ಮಾತು. ಗದ್ದೆಯ ನಡುವಿನ ಹುಣಿಯಂತೆ ಈ ಸಣ್ಣ ಪದ ಎರಡು ಕಡೆಯನ್ನೂ ಬೇರ್ಪಡಿಸಿ ತೋರಿಸುತ್ತದೆ. ಬರವಣಿಗೆಯಲ್ಲಿ ಇದೇ ಕೆಲಸಕ್ಕೆ ಉದ್ಧರಣ ಚಿಹ್ನೆಗಳೂ ಇವೆ. ನಾವು ಕಣ್ಣಾರೆ ಕಾಣದೆ, ಇನ್ನೊಬ್ಬರಿಂದ ಕೇಳಿ ತಿಳಿದುದನ್ನು ಹೇಳುವುದಕ್ಕೆ ‘ಅಂತೆ’ ಎಂಬ ಪದವಿದೆ. “ಮಳೆ ಬಂದಿತು” ಎಂದರೆ ನಾನು ಕಂಡಿದ್ದೇನೆ. “ಮಳೆ ಬಂದಿತಂತೆ” ಎಂದರೆ ಯಾರೋ ಹೇಳಿದ್ದಾರೆ. ‘ಅಂತೆ’ಯನ್ನು ಪ್ರಾಮಾಣಿಕವಾಗಿ ಬಳಸಿದರೆ ಅದು ಒಳ್ಳೆಯ ಪದ. ಯಾರು ಹೇಳಿದರೆಂಬುದನ್ನು ಮರೆಮಾಡಲು ಬಳಸಿದರೆ ಅದು ‘ಅಂತೆ ಕಂತೆ’ಯಾಗುತ್ತದೆ. ಆದುದರಿಂದ ‘ಅಂತೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ “ಯಾರು ಹೇಳಿದ್ದು? ಪೂರ್ತಿ ಏನು ಹೇಳಿದ್ದು?” ಎಂದು ಕೇಳುವ ಅಭ್ಯಾಸ ನಮಗಿರಬೇಕು.

ಹೊಸಂಗಡಿಯಂತಹ ಊರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ ಈ ಪೇಟೆಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಡಿ. ಒಂದೆಡೆ ತುಳು, ಇನ್ನೊಂದೆಡೆ ಮಲಯಾಳ, ಮತ್ತೊಂದೆಡೆ ಕನ್ನಡ, ಅದರಾಚೆ ಬ್ಯಾರಿ, ಕೊಂಕಣಿ, ಮರಾಠಿ, ಉರ್ದು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ಕರೆಯುವುದು ಸುಮ್ಮನೆ ಅಲ್ಲ. ಇಲ್ಲಿ ಒಂದು ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಎಷ್ಟೋ ಸಲ ಭಾಷೆಯನ್ನೂ ಬದಲಾಯಿಸುತ್ತದೆ. ಮಲಯಾಳದಲ್ಲಿ ‘ಪಟ್ಟಿ’ ಎಂದರೆ ನಾಯಿ. ಕನ್ನಡದಲ್ಲಿ ‘ಪಟ್ಟಿ’ ಎಂದರೆ ಹೆಸರುಗಳನ್ನೋ ಸಾಮಾನುಗಳನ್ನೋ ಸಾಲಾಗಿ ಬರೆದ ಬರಹ. ತುಳುವಿನಲ್ಲಿ ‘ಬಲೆ’ ಎಂದರೆ ‘ಬನ್ನಿ’ ಎಂದು ಕರೆಯುವ ಮಾತು. ಕನ್ನಡದಲ್ಲಿ ‘ಬಲೆ’ ಮೀನು ಹಿಡಿಯುವ ಸಾಧನ. “ಶಾಲೆಯ ಬಾಗಿಲಲ್ಲಿ ಪಟ್ಟಿ ಇದೆ” ಎಂದು ಒಬ್ಬರು ಹೇಳಿದರೆ ಒಬ್ಬನು ತನ್ನ ಹೆಸರನ್ನು ಹುಡುಕಲು ಓಡಿಬರಬಹುದು. ಇನ್ನೊಬ್ಬನು ಹೆದರಿ ಹಿಂದಕ್ಕೆ ಓಡಬಹುದು! ಇದು ನಗುವ ವಿಷಯ. ಆದರೆ ಒಬ್ಬರ ಮನಸ್ಸಿಗೆ ನೋವಾಗುವ ವಿಷಯದಲ್ಲಿ ಇಂತಹ ಗೊಂದಲವಾದರೆ ನಗುವಂತಿಲ್ಲ. ಆದುದರಿಂದ ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳುವಾಗ “ಅವರು ತುಳುವಿನಲ್ಲಿ ಹೇಳಿದ್ದು, ನನಗೆ ಅರ್ಥವಾದುದು ಹೀಗೆ” ಎಂದು ಸೇರಿಸುವುದು ಒಳ್ಳೆಯದು. ಕೇಳುವವರಿಗೆ ಆಗ ಮೂಲದ ಮಾತು ಯಾವುದು, ಅರ್ಥ ಮಾಡಿದವರು ಯಾರು ಎಂಬುದು ತಿಳಿಯುತ್ತದೆ.

ಇನ್ನೊಬ್ಬರ ಮಾತನ್ನು ಹಿಡಿದು ಉತ್ತರ ಕೊಡುವ ಕಲೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ತಾಳಮದ್ದಳೆಯೇ ಅದಕ್ಕೆ ಒಳ್ಳೆಯ ಶಾಲೆ. ಯಕ್ಷಗಾನದ ಮೇಳಗಳ ತಿರುಗಾಟ ಪತ್ತನಾಜೆಗೆ ನಿಂತ ಮೇಲೆ ಮಳೆಗಾಲದಲ್ಲಿ ಊರೂರುಗಳಲ್ಲಿ ತಾಳಮದ್ದಳೆ ನಡೆಯುವುದುಂಟು. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಚೆಂಡೆ ಮದ್ದಳೆಗಳು ಜೊತೆಗೂಡುತ್ತವೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಆ ಮಾತನ್ನು ಯಾರೂ ಮೊದಲೇ ಬರೆದುಕೊಟ್ಟಿರುವುದಿಲ್ಲ. ಎದುರಿನವರು ಏನು ಹೇಳಿದರೋ ಅದನ್ನು ಕೇಳಿ, ಅದಕ್ಕೆ ತಕ್ಕ ಉತ್ತರವನ್ನು ಅಲ್ಲಿಯೇ ಕೊಡಬೇಕು. ಕೇಳದವನಿಗೆ ಅಲ್ಲಿ ಹೇಳುವುದಕ್ಕೂ ಏನೂ ಇರುವುದಿಲ್ಲ.

ಒಳ್ಳೆಯ ಅರ್ಥಧಾರಿ ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ಎತ್ತಿಕೊಳ್ಳುವುದನ್ನು ಗಮನಿಸಿರಿ. “ನೀನು ಹೀಗೆ ಹೇಳಿದೆಯಲ್ಲವೇ? ಅದಕ್ಕೆ ನನ್ನ ಉತ್ತರ ಕೇಳು” ಎಂದು ಆರಂಭಿಸುತ್ತಾನೆ. ಎದುರಿನ ಮಾತನ್ನು ತಿರುಚಿದರೆ ಕೂಡಲೇ “ನಾನು ಹಾಗೆ ಹೇಳಲಿಲ್ಲ” ಎಂಬ ಮಾತು ಬರುತ್ತದೆ. ಸಭೆಯೂ ಅದನ್ನು ಕೇಳಿರುತ್ತದೆ. ವಾಲಿಯ ಕಥೆಯನ್ನು ನೆನಪಿಸಿಕೊಳ್ಳಿ. ಬಾಣ ತಗಲಿ ನೆಲಕ್ಕೆ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುತ್ತಾನೆ. ನಾನು ನಿನಗೇನು ಅಪರಾಧ ಮಾಡಿದ್ದೆ? ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ ನನ್ನನ್ನು ಏಕೆ ಹೊಡೆದೆ? ರಾಮನು ಆ ಪ್ರಶ್ನೆಗಳನ್ನು ತಳ್ಳಿಹಾಕುವುದಿಲ್ಲ. ವಾಲಿಯು ತಮ್ಮನಿಗೆ ಮಾಡಿದ ಅನ್ಯಾಯವನ್ನು ಹೇಳುತ್ತಾ ಉತ್ತರ ಕೊಡುತ್ತಾನೆ. ರಾಮನ ಉತ್ತರ ಸರಿಯೋ ಎಂದು ಜನರು ಇಂದಿಗೂ ಚರ್ಚಿಸುತ್ತಾರೆ. ಹಾಗೆ ಚರ್ಚಿಸಲು ಸಾಧ್ಯವಾದುದು ಹೇಗೆ? ಸೋತವನ ಪ್ರಶ್ನೆಯನ್ನೂ ಕಥೆಯು ಪೂರ್ತಿಯಾಗಿ ಉಳಿಸಿಕೊಂಡಿರುವುದರಿಂದ. ಕಾಸರಗೋಡಿನ ಶೇಣಿ ಎಂಬ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂತಹ ಪಾತ್ರಗಳ ಅರ್ಥಗಾರಿಕೆಗೆ ಹೆಸರಾದವರು. ಕಥೆಯಲ್ಲಿ ಸೋಲುವವನಿಗೂ ಹೇಳಬೇಕಾದ ಮಾತು ಇದೆ ಎಂಬುದನ್ನು ಇಂತಹ ಅರ್ಥಧಾರಿಗಳು ಜನರಿಗೆ ತೋರಿಸಿಕೊಟ್ಟರು.

ನಮ್ಮ ದೇಶದ ಶಾಸ್ತ್ರಗ್ರಂಥಗಳಲ್ಲಿಯೂ ಈ ಕ್ರಮವಿದೆ. ಅದಕ್ಕೆ ‘ಪೂರ್ವಪಕ್ಷ’ ಎಂದು ಹೆಸರು. ನಾನು ಒಪ್ಪದ ಅಭಿಪ್ರಾಯವನ್ನು ಮೊದಲು ಸರಿಯಾಗಿ ಹೇಳಬೇಕು. ಆ ಮೇಲೆ ಅದನ್ನು ಏಕೆ ಒಪ್ಪುವುದಿಲ್ಲ ಎಂದು ವಿವರಿಸಬೇಕು. ಕೊನೆಗೆ ನನ್ನ ‘ಸಿದ್ಧಾಂತ’ವನ್ನು ಮುಂದಿಡಬೇಕು. ಎದುರಾಳಿಯ ವಾದವನ್ನು ದುರ್ಬಲ ಮಾಡಿ ಹೇಳಿ ಗೆದ್ದರೆ ಅದು ಗೆಲುವಲ್ಲ. ಹುಲ್ಲಿನ ಬೆದರುಬೊಂಬೆಯನ್ನು ಬೀಳಿಸಿ ‘ನಾನು ಪೈಲ್ವಾನ’ ಎಂದಂತೆ.

ಈಗ ಮಾತು ಬಾಯಿಂದ ಕೈಗೆ ಬಂದಿದೆ. 2020ರಲ್ಲಿ ಕೊರೋನಾ ರೋಗದಿಂದಾಗಿ ಶಾಲೆಗಳು ಮುಚ್ಚಿದ್ದವು. ಆ ವರ್ಷ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ಆರಂಭವಾದವು. ಪಾಠದ ಸಂದೇಹಗಳು, ಉತ್ತರಗಳು ಫೋನಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದವು. ಶಾಲೆಗಳು ತೆರೆದ ಮೇಲೂ ಎಷ್ಟೋ ತರಗತಿಗಳ ಗುಂಪುಗಳು ಹಾಗೆಯೇ ಉಳಿದಿವೆ. ಅಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಧ್ವನಿ ಕೇಳುವುದಿಲ್ಲ. ತಮಾಷೆಗೆ ಹೇಳಿದ್ದೋ ಸಿಟ್ಟಿನಿಂದ ಹೇಳಿದ್ದೋ ತಿಳಿಯುವುದಿಲ್ಲ. ಒಬ್ಬರು “ನಾಳೆ ರಜೆಯಾ?” ಎಂದು ಕೇಳುತ್ತಾರೆ. ಇನ್ನೊಬ್ಬರು “ನಾಳೆ ಗಣಿತದ ಪುಸ್ತಕ ತರಬೇಕಾ?” ಎಂದು ಕೇಳುತ್ತಾರೆ. ಮೂರನೆಯವರು “ಹೌದು” ಎಂದು ಬರೆಯುತ್ತಾರೆ. ಯಾವುದಕ್ಕೆ ಹೌದು? ಮರುದಿನ ಕೆಲವರು ಪುಸ್ತಕದೊಂದಿಗೆ ಬರುತ್ತಾರೆ, ಕೆಲವರು ಬರುವುದೇ ಇಲ್ಲ!

ಇದು ಹೊಸ ತೊಂದರೆಯೇನೂ ಅಲ್ಲ. ಕಂಪ್ಯೂಟರಿನ ಮೂಲಕ ಪತ್ರ ಬರೆಯುವುದು ಹರಡುತ್ತಿದ್ದ ಕಾಲದಲ್ಲಿ, 1995ರಲ್ಲಿ, ಅಂತರ್ಜಾಲದ ಶಿಷ್ಟಾಚಾರದ ಬಗ್ಗೆ ಒಂದು ಮಾರ್ಗದರ್ಶಿ ಪ್ರಕಟವಾಯಿತು. ಉತ್ತರ ಬರೆಯುವಾಗ ಮೂಲದ ಮಾತಿನ ಸಾರಾಂಶವನ್ನು ಮೇಲೆ ಕೊಡಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಭಾಗವನ್ನು ಮಾತ್ರ ಸೇರಿಸಿ ಎಂಬುದು ಅದರ ಸಲಹೆಗಳಲ್ಲಿ ಒಂದು. ನಮ್ಮ ಅರ್ಥಧಾರಿ “ನೀನು ಹೀಗೆ ಹೇಳಿದೆಯಲ್ಲವೇ?” ಎಂದು ಮಾಡುವುದೂ ಇದನ್ನೇ. ಜಗಲಿಯಲ್ಲಿ ಚೆನ್ನಾದ ನಡತೆ ಫೋನಿನಲ್ಲಿಯೂ ಚೆನ್ನಾದ ನಡತೆಯೇ.

ಹಾಗಾದರೆ ನಾವು ಪಾಲಿಸಬೇಕಾದುದು ಏನು? ನನ್ನ ಅಭಿಪ್ರಾಯದಲ್ಲಿ ಮುಖ್ಯವಾದ ಸಂಗತಿಗಳು ಕೆಲವೇ. ಯಾರ ಮಾತು ಎಂಬುದನ್ನು ಹೆಸರಿಸಿ ಹೇಳೋಣ. ಅವರು ಆಡಿದ ಪದಗಳನ್ನು ಬದಲಾಯಿಸದಿರೋಣ. ಉದ್ದದ ಮಾತಿನಲ್ಲಿ ನಮಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳೋಣ. ಆದರೆ ಅರ್ಥವನ್ನು ತಿರುಗಿಸುವ ‘ಆದರೆ’, ‘ಅಲ್ಲ’, ‘ಈ ವರ್ಷ’ ಎಂಬಂತಹ ಪದಗಳನ್ನು ಬಿಡದಿರೋಣ. ನಡುವೆ ಏನಾದರೂ ಬಿಟ್ಟರೆ ಬರವಣಿಗೆಯಲ್ಲಿ ಮೂರು ಚುಕ್ಕಿಗಳನ್ನು ಇಡೋಣ. ಕೇಳಿದ ಪ್ರಶ್ನೆಗೇ ಉತ್ತರ ಕೊಡೋಣ. ಮಾತನ್ನು ಟೀಕಿಸೋಣ, ಮಾತನಾಡಿದವರ ಬಣ್ಣ, ಮನೆ, ಭಾಷೆ, ಉಚ್ಚಾರಗಳನ್ನು ಟೀಕಿಸದಿರೋಣ. ಒಬ್ಬರು ನಮ್ಮೊಬ್ಬರಿಗೆಂದೇ ನಂಬಿ ಹೇಳಿದ ಮಾತನ್ನು ಅವರನ್ನು ಕೇಳದೆ ನಾಲ್ಕು ಜನರ ಮುಂದೆ ಇಡದಿರೋಣ. ಆದರೆ ಯಾರಿಗಾದರೂ ಅಪಾಯವಿದೆ ಎಂದು ತಿಳಿದರೆ ಮಾತ್ರ ಗುಟ್ಟೆಂದು ಸುಮ್ಮನಿರಬಾರದು. ಮನೆಯ ಹಿರಿಯರಿಗೋ ಟೀಚರಿಗೋ ಹೇಳಲೇಬೇಕು.

“ಇಷ್ಟೆಲ್ಲ ನಿಯಮ ಹಾಕಿಕೊಂಡರೆ ಮಾತನಾಡುವುದೇ ಕಷ್ಟವಲ್ಲವೇ? ಚರ್ಚೆಯ ಬಿಸಿಯೇ ಆರಿಹೋಗುವುದಿಲ್ಲವೇ?” ಎಂದು ನೀವು ಕೇಳಬಹುದು. ಈ ಪ್ರಶ್ನೆಯಲ್ಲಿ ಹುರುಳಿದೆ. ಮಾತಿಗೆ ಬಿಸಿ ಬೇಕು. ಗೆಳೆಯರ ಹರಟೆಯಲ್ಲಿ ಪ್ರತಿಯೊಂದು ಪದವನ್ನೂ ತೂಗಿ ನೋಡುತ್ತಾ ಕುಳಿತರೆ ಹರಟೆ ಸಪ್ಪೆಯಾದೀತು. ಆದರೆ ತಾಳಮದ್ದಳೆಯನ್ನು ನೋಡಿ. ಅಲ್ಲಿ ವಾದದ ಬಿಸಿಗೆ ಕೊರತೆಯಿಲ್ಲ. ಎದುರಿನ ಮಾತನ್ನು ಸರಿಯಾಗಿ ಹಿಡಿದು ಉತ್ತರಿಸುವುದರಿಂದಲೇ ಆ ಬಿಸಿ ಹುಟ್ಟುತ್ತದೆ. ಕಥೆಯನ್ನು ಮರೆತು ಎದುರಿನವರ ಒಂದು ಪದದ ತಪ್ಪನ್ನು ಹಿಡಿದು ಹಂಗಿಸುತ್ತಾ ಕುಳಿತರೆ ಕೇಳುವವರಿಗೆ ಬೇಸರವಾಗುತ್ತದೆ. ಹರಟೆಯಲ್ಲಿಯೂ ಒಂದು ಮಾತಿನಿಂದ ಇನ್ನೊಬ್ಬರ ಹೆಸರು ಕೆಡುತ್ತದೆ ಎಂದಾಗ ನಿಂತು ಯೋಚಿಸಲೇಬೇಕು.

ಮೊದಲು ಹೇಳಿದ ಹುಡುಗಿಯ ವಿಷಯವನ್ನೇ ತೆಗೆದುಕೊಳ್ಳೋಣ. ಯಾರಾದರೂ ಒಬ್ಬರು ಎದ್ದು, “ಅವಳು ಯಕ್ಷಗಾನ ಇಷ್ಟ ಎಂದಿದ್ದಾಳೆ. ಸಮಯ ಸಾಲದು ಎಂಬುದು ಅವಳ ಚಿಂತೆ. ಹಾಗಾದರೆ ಕುಣಿತವಿಲ್ಲದ ತಾಳಮದ್ದಳೆಯನ್ನೇ ಮಾಡಬಹುದಲ್ಲ?” ಎಂದು ಹೇಳಿದ್ದರೆ ಏನಾಗುತ್ತಿತ್ತು? ಚರ್ಚೆ ಮುಂದಕ್ಕೆ ಹೋಗುತ್ತಿತ್ತು. ಯಾರೂ ಯಾರೊಡನೆಯೂ ಮಾತು ಬಿಡಬೇಕಾಗಿರಲಿಲ್ಲ. ಬಹುಶಃ ಎಲ್ಲರಿಗೂ ಒಪ್ಪುವ ದಾರಿಯೊಂದು ಸಿಗುತ್ತಿತ್ತು. ಇನ್ನೊಬ್ಬರ ಮಾತನ್ನು ಸರಿಯಾಗಿ ಎತ್ತಿ ಹೇಳುವುದರಿಂದ ಇಷ್ಟು ದೊಡ್ಡ ಲಾಭವಿದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಮಾತು ಬಲ್ಲವನು ಎಂದರೆ ಹೆಚ್ಚು ಮಾತನಾಡುವವನು ಎಂದು ಕೆಲವರು ತಿಳಿಯುತ್ತಾರೆ. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದನ್ನು ಇದ್ದ ಹಾಗೆಯೇ ಹೇಳಬಲ್ಲವನೇ ಮಾತು ಬಲ್ಲವನು ಎಂದು ನಾನು ತಿಳಿಯುತ್ತೇನೆ. ಮುಂದಿನ ಸಲ ತರಗತಿಯಲ್ಲಿ ಚರ್ಚೆ ನಡೆಯುವಾಗ ಒಂದು ಪ್ರಯೋಗ ಮಾಡಿ ನೋಡಿ. ಉತ್ತರ ಕೊಡುವ ಮೊದಲು, ಎದುರಿನವರು ಹೇಳಿದುದನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಿ, “ಸರಿಯಾ?” ಎಂದು ಕೇಳಿರಿ. ಅವರು “ಸರಿ” ಎಂದ ಮೇಲೆಯೇ ನಿಮ್ಮ ಮಾತನ್ನು ಆರಂಭಿಸಿರಿ.