ಕಾನೂನೆಂಬ ಮೂಲಪಾಠಕ್ಕೂ ಒಂದು ಶರಹ್ ಬೇಕು

2025ರ ಮಾರ್ಚ್ 21, ಶುಕ್ರವಾರ. ರಮಝಾನಿನ ಇಪ್ಪತ್ತನೆಯ ಉಪವಾಸ ಮುಗಿದಿತ್ತು. ಮೊಹಲ್ಲಾದ ಹಿರಿಯರು ಇಅತಿಕಾಫ್‌ಗೆಂದು ಮಸೀದಿಯ ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡಿದ್ದರು. ತರಾವೀಹ್ ಮುಗಿಸಿ ಹೊರಬರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ಹಿಡಿದು ಓಡಿ ಬಂದ. ಅವನು ಸಣ್ಣಪುಟ್ಟ ಚರಂಡಿ, ಕಾಂಪೌಂಡ್ ಗೋಡೆಗಳ ಕೆಲಸ ಮಾಡಿಸುವ ಗಾರೆ ಮೇಸ್ತ್ರಿ.

“ಹಜರತ್, ಸರಕಾರಿ ಗುತ್ತಿಗೆಯಲ್ಲಿ ನಮಗೆ ನಾಲ್ಕು ಪರ್ಸೆಂಟ್ ಬಂತಂತೆ. ಕಾನೂನು ಪಾಸಾಯಿತಂತೆ. ನೋಡಿ!”

ನಾನು ಆ ಸಂದೇಶವನ್ನು ಓದಿದೆ. ಸಂತೋಷವಾಯಿತು. “ಮುಬಾರಕ್, ಅಲ್ಲಾಹು ಬರಕತ್ ಕೊಡಲಿ” ಎಂದು ಹರಸಿ ಕಳುಹಿಸಿದೆ. ಈದ್ ಕಳೆದು ಕೆಲವು ದಿನಗಳಲ್ಲಿ ಅವನು ತಾಯಿಯ ಎರಡು ಬಳೆಗಳನ್ನು ಮಾರಿ ಹಳೆಯದೊಂದು ಕಾಂಕ್ರೀಟ್ ಮಿಕ್ಸರ್ ಖರೀದಿಸಿದ. ಏಪ್ರಿಲ್ 16ರಂದು ರಾಜ್ಯಪಾಲರು ಆ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಯಂತ್ರ ಅವನ ಮನೆಯ ಮುಂದೆ ತಾಡಪಾಲು ಹೊದ್ದು ನಿಂತಿತು.

ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ತಪ್ಪಿನಲ್ಲಿ ನನ್ನ ಪಾಲಿದೆ. ಅವನು ನನ್ನ ಬಳಿಗೆ ಬಂದದ್ದು ದುಆ ಕೇಳಲಿಕ್ಕಷ್ಟೇ ಅಲ್ಲ, ಓದು ಬಲ್ಲವನಿಂದ ವಿಷಯ ತಿಳಿಯಲಿಕ್ಕೆ. ನಾನು ಮಸೂದೆಯನ್ನು ಓದಿರಲಿಲ್ಲ. ಓದದೆಯೇ ಮುಬಾರಕ್ ಹೇಳಿದ್ದೆ.

ಆ ಬಳಿಕ ಕುಳಿತು ವಿಷಯ ತಿಳಿದುಕೊಂಡೆ. ಅಂದು ವಿಧಾನಸಭೆಯಲ್ಲಿ ಗದ್ದಲದ ನಡುವೆ ಅಂಗೀಕಾರವಾದದ್ದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ತಂದ ತಿದ್ದುಪಡಿ ಮಸೂದೆ. ಮಾರ್ಚ್ 18ರಂದು ಮಂಡನೆಯಾಗಿ 21ರಂದು ಅಂಗೀಕಾರ. ಎರಡು ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಮತ್ತು ಒಂದು ಕೋಟಿವರೆಗಿನ ಸರಕು, ಸೇವೆಗಳ ಖರೀದಿಯಲ್ಲಿ ಪ್ರವರ್ಗ 2ಬಿಗೆ ಶೇಕಡಾ 4ರ ಮೀಸಲಾತಿ ಅದರಲ್ಲಿತ್ತು. ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95, ಪ್ರವರ್ಗ 1ಕ್ಕೆ ಶೇ. 4 ಮತ್ತು 2ಎಗೆ ಶೇ. 15ರ ಮೀಸಲಾತಿಯೂ ಅದೇ ಕಾನೂನಿನ ಭಾಗ.

ನಮ್ಮ ಮೊಬೈಲುಗಳಲ್ಲಿ ಹರಿದಾಡಿದ ಸಂದೇಶಗಳಲ್ಲಿ ಇವುಗಳಲ್ಲೊಂದೂ ಇರಲಿಲ್ಲ. ಒಂದು ಕಡೆಯವರು “ಎಲ್ಲ ಗುತ್ತಿಗೆಯೂ ಮುಸ್ಲಿಮರಿಗೆ ಹೋಯಿತು” ಎಂದು ಕೂಗಿದರು. ನಮ್ಮವರು “ನಮಗೆ ಸಿಕ್ಕಿತು” ಎಂದು ಮಿಠಾಯಿ ಹಂಚಿದರು. ಇಬ್ಬರೂ ಮಸೂದೆಯನ್ನು ನೋಡಿರಲಿಲ್ಲ. ನಮ್ಮಲ್ಲೇ ಪಿಂಜಾರ, ನದಾಫ್ ಸಹೋದರರು ಪ್ರವರ್ಗ 1ರ ಪಟ್ಟಿಯಲ್ಲಿದ್ದಾರೆ, ಅವರಿಗೆ 2ಬಿಯ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಮೀಸಲಾತಿ ಎಂದರೆ ಕೆಲಸವು ಮನೆ ಬಾಗಿಲಿಗೆ ಬರುವುದಲ್ಲ, ನೋಂದಾಯಿತ ಗುತ್ತಿಗೆದಾರನಾಗಿ ಅದೇ ಪ್ರವರ್ಗದ ಇತರರೊಡನೆ ಟೆಂಡರಿನಲ್ಲಿ ಸ್ಪರ್ಧಿಸುವುದು ಎಂದೂ ಹೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸದನದಲ್ಲಿ ಅಂಗೀಕಾರವಾದ ಮಸೂದೆ ಇನ್ನೂ ಕಾನೂನಲ್ಲ ಎಂಬುದನ್ನು ಹೇಳಲಿಲ್ಲ. ನಮ್ಮ ರಾಜ್ಯದಲ್ಲಿ 224 ಸದಸ್ಯರ ವಿಧಾನಸಭೆಯೂ 75 ಸದಸ್ಯರ ವಿಧಾನ ಪರಿಷತ್ತೂ ಇವೆ. ಮಸೂದೆ ಎರಡನ್ನೂ ದಾಟಬೇಕು. ಬಳಿಕ ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರು ಅದಕ್ಕೆ ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು ಅಥವಾ ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸಬಹುದು. ಕಾಯ್ದಿರಿಸಿದ ಮಸೂದೆಯ ಬಗ್ಗೆ ರಾಷ್ಟ್ರಪತಿಗಳು ಇಷ್ಟೇ ದಿನಗಳಲ್ಲಿ ತೀರ್ಮಾನಿಸಬೇಕೆಂಬ ಗಡುವು 201ನೇ ವಿಧಿಯಲ್ಲಿ ನಮೂದಾಗಿಲ್ಲ. ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಕೊಟ್ಟಿದ್ದರೆ ಒಬ್ಬ ತಾಯಿಯ ಬಳೆಗಳು ಉಳಿಯುತ್ತಿದ್ದವು.

ಹಾಗಾದರೆ ಮಸೂದೆಯನ್ನೇ ನೇರವಾಗಿ ಓದಬಹುದಲ್ಲವೇ ಎಂದು ಕೇಳಬಹುದು. ನಾನು ಕನ್ನಡವನ್ನು ಐಚ್ಛಿಕವಾಗಿ ಓದಿ ಪದವಿ ಪಡೆದವನು. ಹಳಗನ್ನಡದ ಪದ್ಯವನ್ನು ಬಿಡಿಸಿ ಅರ್ಥ ಹೇಳಬಲ್ಲೆ. ಆದರೂ ತಿದ್ದುಪಡಿ ಮಸೂದೆಯ ಮುಂದೆ ನಾನು ಕಕ್ಕಾಬಿಕ್ಕಿಯಾದೆ. ಮೂಲ ಅಧಿನಿಯಮದ ಇಂತಿಷ್ಟನೇ ಪ್ರಕರಣದ ಇಂತಿಷ್ಟನೇ ಉಪಪ್ರಕರಣದಲ್ಲಿ ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಸ್ಥಾಪಿಸತಕ್ಕದ್ದು ಎಂದು ಅದು ಹೇಳುತ್ತದೆ. ಮೂಲ ಕಾನೂನನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯ ಪದ ತೆಗೆದು ಹೊಸ ಪದ ಹೊಲಿಯುವ ಕೆಲಸ ಓದುಗನದು. ‘ಪರಂತು’ ಎಂದು ಆರಂಭವಾಗುವ ಒಂದು ವಾಕ್ಯ ಮೇಲೆ ಕೊಟ್ಟದ್ದನ್ನೆಲ್ಲ ಕೆಳಗೆ ಹಿಂದಕ್ಕೆ ಪಡೆಯಬಹುದು. ಮಸೂದೆಯ ಕೊನೆಯಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆ, ನಿಜ. ಆದರೆ ಅದು ಸರಕಾರ ಏಕೆ ಈ ಮಸೂದೆ ತಂದಿತು ಎಂದು ಹೇಳುತ್ತದೆಯೇ ಹೊರತು, ನಾಳೆ ಬೆಳಗ್ಗೆ ಅಂಗಡಿಯವನ, ಚಾಲಕನ, ವಿಧವೆಯ ಬದುಕಿನಲ್ಲಿ ಏನು ಬದಲಾಗುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ. ಮೇಲಾಗಿ, ಸಂವಿಧಾನದ 348ನೇ ವಿಧಿಯಂತೆ ರಾಜ್ಯದ ಮಸೂದೆ, ಕಾನೂನುಗಳ ಅಧಿಕೃತ ಪಾಠ ಇಂಗ್ಲಿಷಿನದು. ಕನ್ನಡ ನಮ್ಮ ಆಡಳಿತ ಭಾಷೆಯೆಂದು 1963ರಲ್ಲಿಯೇ ಕಾನೂನಾದರೂ, ಕನ್ನಡವಷ್ಟೇ ಬಲ್ಲವನು ತನ್ನನ್ನು ಆಳುವ ಕಾನೂನನ್ನು ತಿಳಿಯಲು ಇಂದಿಗೂ ಇನ್ನೊಬ್ಬರ ಬಾಯಿಯನ್ನೇ ನೋಡಬೇಕಾಗಿದೆ.

ಇನ್ನೊಬ್ಬರ ಬಾಯಿಂದ ಬಂದದ್ದು ಎಷ್ಟು ಕೆಡುತ್ತದೆ ಎಂಬುದಕ್ಕೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆಯೂ ಸಾಕ್ಷಿ. ಆ ಕಾನೂನಿನ ಸರಿತಪ್ಪು ಬೇರೆಯೇ ಚರ್ಚೆ. ಇಲ್ಲಿ ನಾನು ಹೇಳುತ್ತಿರುವುದು ಅದನ್ನು ನಾವು ತಿಳಿದುಕೊಂಡ ರೀತಿಯನ್ನು. ಡಿಸೆಂಬರ್ 9ರಂದು ವಿಧಾನಸಭೆ ಅಂಗೀಕರಿಸಿತು. ಪರಿಷತ್ತಿನಲ್ಲಿ ಅದು ನಿಂತಿತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ಫೆಬ್ರವರಿಯಲ್ಲಿ ಪರಿಷತ್ತೂ ಒಪ್ಪಿತು. ಈ ಮೂರು ತಿಂಗಳಲ್ಲಿ “ಇನ್ನೂ ಪಾಸಾಗಿಲ್ಲ, ಚಿಂತೆಯಿಲ್ಲ” ಎಂದು ವ್ಯಾಪಾರ ಮುಂದುವರಿಸಿದವರೂ ಇದ್ದರು, “ಎಲ್ಲವೂ ನಿಷೇಧ” ಎಂದು ಹೆದರಿ ಬಾಗಿಲು ಮುಚ್ಚಿದವರೂ ಇದ್ದರು. ಸುಗ್ರೀವಾಜ್ಞೆ ಎಂದರೆ ಸದನ ಸೇರದ ಹೊತ್ತಿನಲ್ಲಿಯೂ ಕಾನೂನಿನಷ್ಟೇ ಬಲವುಳ್ಳ ಆಜ್ಞೆ ಎಂಬುದು ಮೊದಲಿನವರಿಗೆ ತಿಳಿದಿರಲಿಲ್ಲ. ಮಸೂದೆಯ ವ್ಯಾಖ್ಯಾನದ ಖಂಡದಲ್ಲಿ ‘ಜಾನುವಾರು’ ಎಂಬ ಪದದ ಅರ್ಥವೇನು ಎಂಬುದು ಎರಡನೆಯವರಿಗೆ ತಿಳಿದಿರಲಿಲ್ಲ.

ಇಡೀ ಕಾನೂನು ಆ ಒಂದು ಪದದ ಮೇಲೆ ನಿಂತಿದೆ. ಹಸು, ಕರು, ಎತ್ತು, ಹೋರಿ ಯಾವ ವಯಸ್ಸಿನವಾದರೂ ಜಾನುವಾರು. ಎಮ್ಮೆ, ಕೋಣಗಳು 13 ವರ್ಷದೊಳಗಿನವಾದರೆ ಜಾನುವಾರು. ಅದಕ್ಕೂ ಹಿಂದಿನ 1964ರ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತು, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅನುಮತಿಯಿತ್ತು. ಹೊಸದರಲ್ಲಿ ಎತ್ತಿಗೆ ಆ ದಾರಿ ಮುಚ್ಚಿತು. ಎಮ್ಮೆ, ಕೋಣಗಳಿಗೆ 13 ವರ್ಷ ದಾಟಿದ ಮೇಲೆ, ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರದೊಂದಿಗೆ ಮಾತ್ರ ಉಳಿಯಿತು. ಉಲ್ಲಂಘಿಸಿದರೆ 3ರಿಂದ 7 ವರ್ಷ ಸೆರೆವಾಸ, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಅಂಗಡಿಯವನ ಜೀವನೋಪಾಯವೂ ಅವನ ಮಕ್ಕಳ ನೆಮ್ಮದಿಯೂ ಈ ನಾಲ್ಕೈದು ವಾಕ್ಯಗಳನ್ನು ಸರಿಯಾಗಿ ತಿಳಿಯುವುದರ ಮೇಲೆ ನಿಂತಿದ್ದವು. ಈ ವಾಕ್ಯಗಳನ್ನು ಮನೆಮಾತಿನಲ್ಲಿ ಬರೆದ ಹಾಳೆಯೊಂದು ಅಂದು ನಮ್ಮ ಮೊಹಲ್ಲಾಕ್ಕೆ ಬರಲೇ ಇಲ್ಲ.

ಮದ್ರಸಾದಲ್ಲಿ ಓದಿದವರಿಗೆ ‘ಮತನ್’ ಮತ್ತು ‘ಶರಹ್’ ಎಂಬ ಪದಗಳು ಪರಿಚಿತ. ಮತನ್ ಎಂದರೆ ಬಿಗಿಯಾದ, ಅಡಕವಾದ ಮೂಲಪಾಠ. ಶರಹ್ ಎಂದರೆ ಅದರ ವಿವರಣೆ. ಯಾವ ಉಸ್ತಾದರೂ ವಿದ್ಯಾರ್ಥಿಯ ಕೈಗೆ ಮತನ್ ಒಂದನ್ನೇ ಕೊಟ್ಟು “ಹೋಗು, ಅಮಲ್ ಮಾಡು” ಎನ್ನುವುದಿಲ್ಲ. ನಮ್ಮ ಪಠ್ಯಕ್ರಮದ ಹಿರಿಯ ಗ್ರಂಥ ‘ಹಿದಾಯಾ’ ಇದಕ್ಕೊಂದು ಉತ್ತಮ ನಿದರ್ಶನ. ಇಮಾಮ್ ಮರ್ಗೀನಾನಿಯವರು ಮೊದಲು ಮತನ್ ಬರೆದರು. ಬಳಿಕ ತಾವೇ ಅದಕ್ಕೆ ವಿವರಣೆ ಬರೆದರು. ಅಡಕವಾಗಿ ಬರೆದವನ ಮೇಲೆಯೇ ಬಿಡಿಸಿ ಹೇಳುವ ಹೊಣೆಯೂ ಇದೆ ಎಂಬ ಪಾಠವನ್ನು ನಾನು ಅದರಲ್ಲಿ ಕಾಣುತ್ತೇನೆ. ಸರಕಾರವು ಮಸೂದೆಯೆಂಬ ಮತನ್ ಬರೆಯುತ್ತದೆ. ಅದರ ಶರಹನ್ನೂ ಅದೇ ಬರೆಯಲಿ, ಮಂಡನೆಯ ದಿನವೇ ಕೊಡಲಿ ಎಂಬುದು ನನ್ನ ಆಗ್ರಹ.

ಇದು ಹೊಸ ಬೇಡಿಕೆಯಲ್ಲ. ಕೇಂದ್ರ ಸರಕಾರವು 2014ರಲ್ಲಿ ರೂಪಿಸಿದ ಶಾಸನಪೂರ್ವ ಸಮಾಲೋಚನಾ ನೀತಿಯಲ್ಲಿ ಕರಡು ಕಾನೂನನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಮುಖ್ಯ ಉಪಬಂಧಗಳಿಗೆ ಸರಳ ಭಾಷೆಯ ವಿವರಣೆ ಜೊತೆಗಿರಬೇಕು ಎಂದಿದೆ. ಅದು ಕೇಂದ್ರದ ಸಚಿವಾಲಯಗಳಿಗೆ ಹೇಳಿದ ಮಾತು. ನಮ್ಮ ರಾಜ್ಯವೂ ಅದನ್ನು ತನ್ನದಾಗಿಸಿಕೊಳ್ಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಸೂದೆಯ ಆರಂಭದಲ್ಲಿಯೇ ಶಾಸನಸಭೆಯ ಕಾನೂನು ಕಚೇರಿಯು ಸಿದ್ಧಪಡಿಸಿದ ಸಾರಾಂಶ ಅಚ್ಚಾಗಿರುತ್ತದೆ. ಅದರ ಕ್ರಮ ಸರಳ: ಈಗಿರುವ ಕಾನೂನು ಹೀಗಿದೆ, ಈ ಮಸೂದೆ ಅದನ್ನು ಹೀಗೆ ಬದಲಿಸುತ್ತದೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ನಮ್ಮ ಕನ್ನಡದಲ್ಲಿಯೂ ಎರಡು ಪುಟ ಸಾಕು. ಈಗಿನ ಕಾನೂನು ಏನು? ಏನು ಬದಲಾಗುತ್ತದೆ? ಯಾರಿಗೆ ಅನ್ವಯ, ಯಾರಿಗಲ್ಲ? ತಪ್ಪಿದರೆ ಶಿಕ್ಷೆಯೇನು? ಮಸೂದೆ ಈಗ ಯಾವ ಹಂತದಲ್ಲಿದೆ, ಎಂದಿನಿಂದ ಜಾರಿ? ಪ್ರತಿ ಉತ್ತರದ ಮುಂದೆ ಮಸೂದೆಯ ಖಂಡದ ಸಂಖ್ಯೆಯಿರಲಿ. ಆಗ ಅನುಮಾನ ಬಂದವನು ಮೂಲವನ್ನೇ ತೆರೆದು ನೋಡಬಹುದು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕವುಳ್ಳವು. ಸರಳಗೊಳಿಸಿದರೆ ಅರ್ಥ ಕೆಡುತ್ತದೆ ಎಂದು ವಕೀಲ ಮಿತ್ರರು ಹೇಳುತ್ತಾರೆ. ಕಾನೂನಿನ ಒಂದೊಂದು ಪದವೂ ಅಳೆದು ಇಟ್ಟದ್ದು, ನಿಜ. ಆದರೆ ಶರಹ್ ಎಂದೂ ಮತನಿನ ಸ್ಥಾನದಲ್ಲಿ ಕೂರುವುದಿಲ್ಲ. ತೀರ್ಪು ಮೂಲಪಾಠದ ಮೇಲೆಯೇ ನಡೆಯಲಿ, ತಿಳಿವಳಿಕೆ ವಿವರಣೆಯಿಂದ ಬರಲಿ. ಅಧಿಕೃತ ವಿವರಣೆ ಇಲ್ಲದ ಜಾಗ ಖಾಲಿಯಾಗಿಯೇನೂ ಉಳಿಯುವುದಿಲ್ಲ, ಅಲ್ಲಿ ವದಂತಿ ಬಂದು ಕೂರುತ್ತದೆ. ಇನ್ನೊಂದು ಆಕ್ಷೇಪ, ಸರಕಾರ ಬರೆದರೆ ಅದು ತನ್ನ ಗುಣಗಾನವನ್ನೇ ಬರೆದುಕೊಳ್ಳುತ್ತದೆ ಎಂಬುದು. ಆದುದರಿಂದ ವಿವರಣೆಯ ಕೆಲಸವನ್ನು ಮಸೂದೆ ತರುವ ಇಲಾಖೆಗೆ ಬಿಡದೆ ವಿಧಾನಮಂಡಲದ ಸಚಿವಾಲಯಕ್ಕೆ ಒಪ್ಪಿಸುವುದು ಲೇಸು. ಯಾವ ಪಕ್ಷ ಆಳಿದರೂ ಆ ಕಚೇರಿ ಸದನದ್ದು.

ಆದರೆ ಸರಕಾರ ಮಾಡುವವರೆಗೆ ಕೈಕಟ್ಟಿ ಕೂರಬೇಕೇ? ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಮಕ್ಕಳನ್ನು ಕೇಳಿ ನೋಡಿ. ಅದು ಅಲ್‌ಬಕರಃದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯಬಲ್ಲವನು ಬರೆಯಲು ನಿರಾಕರಿಸಬಾರದೆಂದೂ, ಸ್ವತಃ ಹೇಳಿ ಬರೆಯಿಸಲಾರದ ದುರ್ಬಲನ ಪರವಾಗಿ ಅವನ ಪೋಷಕನು ನ್ಯಾಯವಾಗಿ ಹೇಳಿ ಬರೆಯಿಸಬೇಕೆಂದೂ ಅಲ್ಲಿ ಆದೇಶವಿದೆ. ಅಕ್ಷರ ಬಲ್ಲವನ ಮೇಲೆ ಅಕ್ಷರ ಬಾರದವನ ಹಕ್ಕಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಇನ್ನೇನು ಬೇಕು? ಸುದ್ದಿ ಬಂದಾಗ ವಿಚಾರಿಸಿ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ತಿಳಿಯದೆ ಇತರರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಅಲ್‌ಹುಜುರಾತ್‌ನ 6ನೇ ಸೂಕ್ತದಲ್ಲಿದೆ. ನಾನು ಅದನ್ನು ವರ್ಷಕ್ಕೆ ಹತ್ತು ಬಾರಿ ಪಾಠ ಮಾಡುತ್ತೇನೆ. ಆ ಶುಕ್ರವಾರ ರಾತ್ರಿ ಮಾತ್ರ ಮರೆತೆ.

ಆದ್ದರಿಂದ ಜಮಾಅತ್ ಕಮಿಟಿಗಳಲ್ಲಿ ನನ್ನ ವಿನಂತಿ ಸಣ್ಣದು. ಖುತ್ಬಾದಲ್ಲಿ ಮಸೂದೆಗಳ ಮಾತು ಬೇಡ, ಮಿಂಬರ್ ಅದಕ್ಕೆ ಸ್ಥಳವಲ್ಲ. ಅಧಿವೇಶನ ನಡೆಯುವ ದಿನಗಳಲ್ಲಿ ಮೊಹಲ್ಲಾದ ಒಬ್ಬ ವಕೀಲರು, ಒಬ್ಬ ಶಿಕ್ಷಕರು, ಓದಿದ ಒಬ್ಬ ಸಹೋದರಿ ಕುಳಿತು ಮಸೂದೆಯ ಪ್ರತಿಯನ್ನು ಓದಲಿ. ಮೇಲಿನ ಐದು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದು ಸೂಚನಾಫಲಕಕ್ಕೆ ಅಂಟಿಸಲಿ. ನಮಗೆ ಸಂಬಂಧಿಸಿದ ಮಸೂದೆ ಮಾತ್ರವಲ್ಲ, ರೈತನದ್ದು, ಬಾಡಿಗೆ ಮನೆಯವರದ್ದು, ಆಟೋ ಚಾಲಕನದ್ದೂ ಬರೆಯಲಿ. ನೆರೆಯ ಹಿಂದೂ, ಕ್ರೈಸ್ತ ಬಂಧುಗಳೂ ಬಂದು ಓದುವಂತಿರಲಿ. ಒಪ್ಪಿಗೆಯಾಗದ ಖಂಡವಿದ್ದರೆ ಅದರ ಸಂಖ್ಯೆಯನ್ನು ಬರೆದು, ಕಾರಣವನ್ನು ಕೊಟ್ಟು ಕ್ಷೇತ್ರದ ಶಾಸಕರಿಗೆ ಪತ್ರ ಕಳುಹಿಸಲಿ. ಖಂಡದ ಸಂಖ್ಯೆಯನ್ನು ಉಲ್ಲೇಖಿಸಿದ ಒಂದು ಪತ್ರಕ್ಕಿರುವ ತೂಕ ನೂರು ಘೋಷಣೆಗಳಿಗಿಲ್ಲ.

ಆ ಹುಡುಗ ಮಿಕ್ಸರನ್ನು ಈಗ ಖಾಸಗಿ ಮನೆಗಳ ತಾರಸಿ ಕೆಲಸಕ್ಕೆ ಬಾಡಿಗೆಗೆ ಕೊಡುತ್ತಿದ್ದಾನೆ. ನಷ್ಟ ಪೂರ್ತಿ ತುಂಬಿಲ್ಲ, ಆದರೆ ಯಂತ್ರ ತಾಡಪಾಲಿನಿಂದ ಹೊರಬಂದಿದೆ. ಮೊನ್ನೆ ಮತ್ತೊಂದು ಸಂದೇಶ ಹಿಡಿದು ಬಂದ. ಈ ಸಲ ಮುಬಾರಕ್ ಹೇಳಲಿಲ್ಲ. “ಕುಳಿತುಕೋ, ಮೊದಲು ಓದೋಣ” ಎಂದೆ.

ತಿಳಿದವರು ತಿಳಿಸುವಂತೆಯೂ, ತಿಳಿಯದವರು ಕೇಳಲು ನಾಚದಂತೆಯೂ ಅಲ್ಲಾಹು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.