ಕೊಟ್ಟಿಗೆಗೆ ತಗಡಿನ ಅಂಗಿ

ನಮ್ಮ ಮಲೆನಾಡಿನಲ್ಲಿ ಈಚೆಗೆ ಒಂದು ಹೊಸ ಬಗೆಯ ನಾಚಿಕೆ ಹುಟ್ಟಿಕೊಂಡಿದೆ. ಮನೆಯ ಹಿಂದಿನ ಕೊಟ್ಟಿಗೆ, ಸೌದೆಮನೆ, ಅಡಿಕೆ ಬೇಯಿಸುವ ಮಾಡು ಇವುಗಳ ಗೋಡೆ ಮಣ್ಣಿನದೋ ದಬ್ಬೆಯದೋ ಆಗಿದ್ದರೆ ಅದು ಮನೆತನಕ್ಕೇ ಕುಂದು ಎಂಬ ಭಾವನೆ. ತೀರ್ಥಹಳ್ಳಿಯಿಂದ ಸಾಗರಕ್ಕೆ, ಸಾಗರದಿಂದ ಶಿರಸಿಗೆ ಬಸ್ಸಿನಲ್ಲಿ ಕುಳಿತು ಕಿಟಕಿಯಾಚೆ ನೋಡಿದರೆ ಸಾಕು. ಹಂಚಿನ ಮಾಡಿನ ಕೆಳಗೆ, ಅಜ್ಜನ ಕಾಲದ ಕಂಬಗಳ ಸುತ್ತ, ನೀಲಿ ತಗಡು ಹೊಳೆಯುತ್ತಿರುತ್ತದೆ. ಮಣ್ಣಿನ ಗೋಡೆಯ ಮೂಲೆ ಕುಸಿಯಿತೆ, ತಗಡು ಹೊಡೆಸಿ. ದಬ್ಬೆಗೆ ಗೆದ್ದಲು ಹತ್ತಿತೆ, ತಗಡು ಹೊಡೆಸಿ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಅದು ಅಗ್ಗ.

ನಾನು ತಗಡಿನ ಹಗೆಯಲ್ಲ. ಅದು ಇರಬೇಕಾದ ಜಾಗದಲ್ಲಿ ಇರಲಿ. ಆ ಜಾಗ ಯಾವುದೆಂಬುದನ್ನು ಮುಂದೆ ಹೇಳುತ್ತೇನೆ. ನನ್ನ ತಕರಾರೆಲ್ಲ ‘ಅಗ್ಗ’ ಎಂಬ ಆ ಮಾತಿನ ಮೇಲೆ. ಹಳೆಯ ಕೊಟ್ಟಿಗೆಗೆ ತಗಡು ಅಗ್ಗವಲ್ಲ. ಅಗ್ಗವೆಂದು ತೋರುತ್ತದೆ, ಅಷ್ಟೆ.

ಅಂಗಡಿಯವನು ಹೇಳುವ ಬೆಲೆ ಚದರಡಿಯ ಲೆಕ್ಕದ್ದು. ಆ ಲೆಕ್ಕದಲ್ಲಿ ತಗಡು ಮಾತ್ರ ಇರುತ್ತದೆ. ಆದರೆ ಹಳೆಯ ಕೊಟ್ಟಿಗೆಯ ಕಂಬಗಳಲ್ಲಿ ನೆಟ್ಟಗೆ ನಿಂತದ್ದು ಒಂದಾದರೂ ಉಂಟೆ? ಕಾಡಿನಲ್ಲಿ ಹೇಗೆ ಬೆಳೆದಿತ್ತೋ ಹಾಗೆಯೇ ತಂದು ನಿಲ್ಲಿಸಿದ ಮರ ಅದು. ಒಂದರ ಸೊಂಟ ಹೊರಕ್ಕೆ, ಇನ್ನೊಂದರದು ಒಳಕ್ಕೆ. ದಬ್ಬೆಯಾದರೆ ಕಂಬ ಬಾಗಿದಂತೆ ತಾನೂ ಬಾಗುತ್ತದೆ. ತಗಡಿಗೆ ಆ ವಿನಯವಿಲ್ಲ. ಅದಕ್ಕೆ ನೇರವಾದ ಚೌಕಟ್ಟು ಬೇಕು. ಆದ್ದರಿಂದ ಕಬ್ಬಿಣದ ಪೈಪು ಬಂತು, ವೆಲ್ಡಿಂಗಿನವನು ಬಂದ, ಅವನ ಜೀಪಿನ ಬಾಡಿಗೆ ಬಂತು, ತಿರುಪುಮೊಳೆ ಬಂತು. ಇದೆಲ್ಲ ಸೇರಿದ ಮೇಲೆ ಬಂದ ಮೊತ್ತವನ್ನು ಯಾರೂ ಚದರಡಿಗೆ ಭಾಗಿಸಿ ನೋಡುವುದಿಲ್ಲ. ನೋಡಿದರೆ ರಾತ್ರಿ ನಿದ್ದೆ ಬರಲಾರದು.

“ಒಂದು ಸಲ ಹೊಡೆಸಿಬಿಡಿ ಸ್ವಾಮಿ, ಇಪ್ಪತ್ತು ವರ್ಷ ಆ ಕಡೆ ತಿರುಗಿ ನೋಡಬೇಕಾದ್ದಿಲ್ಲ” ಎನ್ನುತ್ತಾರೆ. ಯಾವ ಕಟ್ಟಡದಲ್ಲಿ ಇಪ್ಪತ್ತು ವರ್ಷ? ತಗಡಿನ ಆಯುಸ್ಸೆಂದರೆ ಅದರ ಮೇಲಿನ ಸತುವಿನ ಲೇಪದ ಆಯುಸ್ಸು. ಕಬ್ಬಿಣ ಅರ್ಧ ಮಿಲಿಮೀಟರು. ಸತು ಅದಕ್ಕಿಂತಲೂ ಎಷ್ಟೋ ಪಾಲು ತೆಳು. ನಮ್ಮ ಕೊಟ್ಟಿಗೆಯಾದರೋ ಗೊಬ್ಬರದ ಕಾರ್ಖಾನೆ. ದರಕು, ಸೊಪ್ಪು ಹಾಸಿ, ಅದರ ಮೇಲೆ ದನ ನಿಂತು, ಗಂಜಳ ಇಂಗಿ ಇಂಗಿ, ಮೂಗಿಗೆ ಅಡರುವ ಅಮೋನಿಯಾ ಹಗಲಿರುಳೂ ಏಳುವ ಜಾಗ. ಗಂಜಳ ಸಿಡಿಯುವ ಕೆಳಗಿನ ಒಂದು ಗೇಣಿನಲ್ಲಿ, ಕತ್ತರಿಸಿದ ಅಂಚಿನಲ್ಲಿ, ಮೊಳೆ ಹೊಕ್ಕ ತೂತಿನಲ್ಲಿ ಸತು ಮೊದಲು ಸೋಲುತ್ತದೆ. ಆಮೇಲೆ ಕಬ್ಬಿಣ ತುಕ್ಕಾಗಿ ಉದುರುತ್ತದೆ. ಅರಗಿದ ಅಂಚು ಕತ್ತಿಯಾಗುತ್ತದೆ. ಅದು ಕರುವಿನ ಕಾಲಿಗೆ ತಾಗಿದ ಮೇಲೆ ಬರುವ ಪಶುವೈದ್ಯರ ಖರ್ಚನ್ನು ಚದರಡಿಯ ಯಾವ ಲೆಕ್ಕದಲ್ಲಿ ಬರೆಯೋಣ?

ಇದಕ್ಕಿಂತ ದೊಡ್ಡ ಮಾತು ಉಸಿರಿನದು. ಬೆಳೆದ ಆಕಳೊಂದು ಉಸಿರಿನಿಂದ, ಮೈಯಿಂದ ದಿನಕ್ಕೆ ಹಲವು ಲೀಟರು ನೀರನ್ನು ಆವಿಯಾಗಿ ಬಿಡುತ್ತದೆ. ದಬ್ಬೆಯ ಸಂದಿನಲ್ಲಿ ಆ ಆವಿ ಹೊರಗೆ ಹೋಗುತ್ತಿತ್ತು; ಮಣ್ಣಿನ ಗೋಡೆ ಒಂದಿಷ್ಟನ್ನು ತಾನೇ ಕುಡಿದು ಹಗಲು ಬಿಟ್ಟುಕೊಡುತ್ತಿತ್ತು. ಸುತ್ತಲೂ ತಗಡು ಹೊಡೆಸಿದ ಮೇಲೆ ಅದಕ್ಕೆ ದಾರಿಯೇ ಇಲ್ಲ. ಚಳಿಗಾಲದ ಬೆಳಗಿನ ಜಾವ ತಣ್ಣಗಾದ ತಗಡಿನ ಒಳಮೈಗೆ ಅದು ಬೆವರಾಗಿ ಕೂತು, ತೊಟ್ಟಿಕ್ಕಿ, ಹಾಸು ನೆನೆಯುತ್ತದೆ. ಬೇಸಗೆಯ ಮಧ್ಯಾಹ್ನ ಅದೇ ತಗಡು ಕಾವಲಿ. ಗಾಳಿ ಕಟ್ಟಿದ, ಹಸಿ ಹಾಸಿನ, ಅಮೋನಿಯಾ ತುಂಬಿದ ಕೊಟ್ಟಿಗೆಯಲ್ಲಿ ದನಕ್ಕೆ ಕೆಮ್ಮು, ಕೆಚ್ಚಲುಬಾವು ಬಂದರೆ ನಾವು ತಳಿಯನ್ನು ಬೈಯುತ್ತೇವೆ, ಹಿಂಡಿಯನ್ನು ಬೈಯುತ್ತೇವೆ. ಗೋಡೆಯನ್ನು ಬೈದವರನ್ನು ನಾನು ಕಂಡಿಲ್ಲ.

ಸೌದೆಮನೆಗೂ ಇದೇ ನ್ಯಾಯ. ಅಲ್ಲಿ ಗೋಡೆಗೆ ಇರುವ ಕೆಲಸವೆಂದರೆ ಇರಚಲನ್ನು ತಡೆದು ಗಾಳಿಯನ್ನು ಒಳಗೆ ಬಿಡುವುದು. ಗಾಳಿ ಬಿಡದ ಸೌದೆಮನೆಯಲ್ಲಿ ಸೌದೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಆ ಹೊಗೆಯನ್ನು ಒಲೆಯ ಮುಂದೆ ಕೂತ ಹೆಂಗಸರು ಕುಡಿಯಬೇಕು. ಅಡಿಕೆಯ ಹಂಡೆ ಕುದಿಯುವ ಮಾಡಿನ ವಿಷಯ ಹೇಳಬೇಕಾದ್ದೇ ಇಲ್ಲ.

ತಗಡಿಗಿಂತಲೂ ಕೆಟ್ಟದ್ದು ಇನ್ನೊಂದುಂಟು: ನಮ್ಮ ಜನ ಸಿಮೆಂಟ್ ಶೀಟು ಎನ್ನುವ ಬೂದು ಹಾಳೆ. ೧೯೦೧ರಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಎಂಬಾತ ಸಿಮೆಂಟಿಗೆ ಕಲ್ನಾರು ಬೆರೆಸಿ ತೆಳುಹಾಳೆ ತೆಗೆಯುವ ಕ್ರಮಕ್ಕೆ ಪೇಟೆಂಟು ಪಡೆದ. ಆತನ ಕಾಲಕ್ಕೆ ಅದೊಂದು ಅದ್ಭುತ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಎಲ್ಲ ಜಾತಿಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲುದೆಂದು ಖಚಿತವಾದ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಬ್ರಿಟನ್ ೧೯೯೯ರಲ್ಲಿ, ಯುರೋಪಿನ ಒಕ್ಕೂಟ ೨೦೦೫ರಲ್ಲಿ ಅದನ್ನು ನಿಷೇಧಿಸಿದವು. ನಮ್ಮ ಸುಪ್ರೀಂ ಕೋರ್ಟು ೧೯೯೫ರಲ್ಲಿಯೇ, ಕಲ್ನಾರಿನ ಕಾರ್ಖಾನೆಗಳಲ್ಲಿ ದುಡಿಯುವವರ ಆರೋಗ್ಯದ ದಾಖಲೆಯನ್ನು ಕಡಿಮೆಯೆಂದರೆ ನಲವತ್ತು ವರ್ಷ ಇಡಬೇಕೆಂದು ವಿಧಿಸಿತು. ನಲವತ್ತು ವರ್ಷವೇಕೆ? ಇಂದು ಎದೆಯೊಳಗೆ ಹೋದ ಎಳೆ ರೋಗವಾಗಿ ತಲೆಯೆತ್ತಲು ಅಷ್ಟು ದಶಕಗಳು ಹಿಡಿಯಬಹುದು, ಅದಕ್ಕೆ. ತಂಟೆಗೆ ಹೋಗದೆ ಮಾಡಿನ ಮೇಲೆ ಬಿದ್ದಿರುವ ಹಾಳೆಯಿಂದ ಅಪಾಯ ಕಡಿಮೆ ಎಂದು ಹೇಳುವವರಿದ್ದಾರೆ, ಒಪ್ಪೋಣ. ಆದರೆ ಕೊಟ್ಟಿಗೆಯ ಗೋಡೆಯನ್ನು ತಂಟೆಯಿಲ್ಲದೆ ಇರಲು ದನ ಬಿಟ್ಟೀತೆ? ಕೊಂಬು ತಾಗಿಸುತ್ತದೆ, ಮೈ ಉಜ್ಜುತ್ತದೆ, ಹಾಳೆ ಒಡೆಯುತ್ತದೆ. ಒಡೆದ ಹಾಳೆಯನ್ನು ಕೊಯ್ದು, ತೂತು ಕೊರೆದು ಕೂರಿಸುವ ಕೂಲಿಯವನ ಮೂಗಿಗೆ ಒಂದು ಪಂಚೆಯ ತುದಿಯೂ ಅಡ್ಡವಿರುವುದಿಲ್ಲ. ಕಲ್ನಾರಿಲ್ಲದ ಸಿಮೆಂಟ್ ಹಾಳೆಗಳೂ ಈಗ ಸಿಗುತ್ತವೆ. ಕೊಳ್ಳಲೇಬೇಕೆನ್ನುವವರು ರಸೀತಿಯಲ್ಲಿ ಹಾಗೆಂದು ಬರೆಸಿಕೊಂಡು ಕೊಳ್ಳಲಿ. ಹಳೆಯ ಹಾಳೆ ಇದ್ದರೆ ಒಡೆಯಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಸುವ ಬುದ್ಧಿವಂತರಿಗೆ ಎರಡೇ ಮಾತು. ಗೋಡೆಯ ತೇವ ಹೊರಗೆ ಬರಲಾರದೆ ಒಳಗೇ ನಿಂತು ಮಣ್ಣನ್ನು ಕರಗಿಸುತ್ತದೆ. ಒಂದು ಮಳೆಗಾಲ ಗಿಲಾಯಿ ಹಾಳೆಹಾಳೆಯಾಗಿ ಬೀಳುವಾಗ ಗೋಡೆಯನ್ನೂ ಕರೆದುಕೊಂಡು ಬೀಳುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ದುಡ್ಡನ್ನು ಗೋಡೆಗೆ ಹಾಕಬೇಡಿ. ಗೋಡೆಯ ಕಾಲಿಗೂ ತಲೆಗೂ ಹಾಕಿ. ಮಾಡಿನ ಇಳಿಜಾರನ್ನು ಇನ್ನೊಂದು ಮೊಳ ಹೊರಕ್ಕೆ ಚಾಚಿಸಿ. ಬುಡದಲ್ಲಿ ಸೊಂಟದೆತ್ತರ ಜಂಬಿಟ್ಟಿಗೆ ಕಲ್ಲು ಕಟ್ಟಿಸಿ. ದನ ಉಜ್ಜುವುದೂ, ಗಂಜಳ ಸಿಡಿಯುವುದೂ, ಇರಚಲು ಹೊಡೆಯುವುದೂ ಹೆಚ್ಚಾಗಿ ಅಲ್ಲಿಯೇ. ಅದರ ಮೇಲಿನದಕ್ಕೆ ಏನು ಹಾಕಿದರೂ ಬಾಳುತ್ತದೆ. ಕಲ್ಲು ದೂರವಾದರೆ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯಿದೆ. ಇದು ಅಜ್ಜಿಯ ಕಾಲದ್ದಲ್ಲ. ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಎಂಬ ಕೇಂದ್ರದವರು ಲೆಕ್ಕ ಹಾಕಿ, ಭಾರ ಹೇರಿ, ಪರೀಕ್ಷೆ ಮಾಡಿದ್ದು. ಸುಡುವ ಸೌದೆಯೂ ಬೇಡ.

ಸೊಂಟದ ಮೇಲೆ ದಬ್ಬೆ. ತೋಟವಿದ್ದವನಿಗೆ ಮುದಿಯಾದ ಅಡಿಕೆ ಮರ, ಹಿಡಿಮುಂಡಿಗೆ ಹಿಡಿದ ಮರ ಹೇಗೂ ಬೀಳುತ್ತವೆ. ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಪೂರ್ತಿ ಕೆತ್ತಿ, ಹೊರಗಿನ ಗಟ್ಟಿ ಚೂರನ್ನು ಒಣಗಿಸಿ ಹೊಡೆಯಿರಿ. ತಿರುಳು ಬಿಟ್ಟರೆ ಹುಳುವಿಗೆ ಊಟ ಬಡಿಸಿದಂತೆ. ತೋಟವಿಲ್ಲದವನಿಗೆ ಸಾಮಿಲ್ಲಿದೆ: ಅಕೇಶಿಯಾ, ಸಿಲ್ವರ್ ಓಕ್ ದಿಮ್ಮಿ ಕೊಯ್ಯುವಾಗ ಮೊದಲು ಬೀಳುವ ಸಿಪ್ಪೆಯುಳ್ಳ ಹಲಗೆ ಸೌದೆಯ ಬೆಲೆಗೆ ಸಿಗುತ್ತದೆ. ಸಿಪ್ಪೆ ಸುಲಿದು ನಿಲುವಾಗಿ ಹೊಡೆಯಬೇಕು. ಅಡ್ಡ ಹೊಡೆದರೆ ನೀರು ನಿಲ್ಲುತ್ತದೆ. ಬಿದಿರಿನ ವಿಷಯದಲ್ಲಿ ಒಂದು ಶುಭವಾರ್ತೆಯೂ ಇದೆ. ೧೯೨೭ರ ಅರಣ್ಯ ಕಾಯಿದೆ ಈ ಹುಲ್ಲನ್ನು ಮರವೆಂದು ಕರೆದು, ರೈತ ತನ್ನ ಬೇಲಿಯ ಬಿದಿರನ್ನು ಸಾಗಿಸಲಿಕ್ಕೂ ರಹದಾರಿ ಕೇಳುವಂತೆ ಮಾಡಿತ್ತು. ೨೦೧೭ರಲ್ಲಿ ತಿದ್ದುಪಡಿಯಾಗಿ ಅದು ಮರಗಳ ಪಟ್ಟಿಯಿಂದ ಹೊರಬಂತು. ಬಲಿತ ಬಿದಿರನ್ನು ಮಳೆ ಮುಗಿದ ಮೇಲೆ ಕಡಿದು, ಕೆಲವು ವಾರ ಹಳ್ಳದಲ್ಲಿ ಮುಳುಗಿಸಿಡಿ. ಹುಳು ಹುಡುಕಿಕೊಂಡು ಬರುವ ಪಿಷ್ಟ ಹೋಗುತ್ತದೆ. ಆಮೇಲೆ ಬಿಳಿಗಾರ, ಬೋರಿಕ್ ಆಮ್ಲ ಕದಡಿದ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಆದರೆ ಈ ಉಪ್ಪು ಮಳೆಗೆ ತೊಳೆದುಹೋಗುವಂಥದು, ಮಾಡಿನ ನೆರಳು ಇರಲೇಬೇಕು. ಸುಟ್ಟ ಇಂಜಿನ್ ಎಣ್ಣೆಯನ್ನು ಮಾತ್ರ ಬಳಿಯಬೇಡಿ. ದನದ ನಾಲಿಗೆ ಸುಮ್ಮನಿರುವುದಿಲ್ಲ.

“ಕಟ್ಟುವವರು ಎಲ್ಲಿದ್ದಾರೆ?” ಇದು ನಿಜವಾದ ಪ್ರಶ್ನೆ; ಇದನ್ನು ನಗೆಯಲ್ಲಿ ತೇಲಿಸಲಾರೆ. ತಟ್ಟಿ ಹೆಣೆಯುವ ಮೇದರ ಮನೆಯ ಹುಡುಗರು ಪೇಟೆಯ ಕೆಲಸಕ್ಕೆ ಹೋಗಿದ್ದಾರೆ, ಹೋಗುವುದು ಅವರ ಹಕ್ಕು. ಆದರೆ ಅವರನ್ನು ಕಳಿಸಿದವರು ಯಾರು? ತಟ್ಟಿಗೆ ನಾಲ್ಕು ಕಾಸು ಹೆಚ್ಚು ಕೇಳಿದಾಗ ಚೌಕಾಸಿಗೆ ಕೂತು, ತಗಡಿಗೆ ಕೇಳಿದಷ್ಟು ಎಣಿಸಿ ಬಂದ ನಾವೇ ಅಲ್ಲವೆ? ಇನ್ನು, ದಬ್ಬೆ ಹೊಡೆಯುವುದಕ್ಕೆ ಹೆಣಿಗೆ ಬಲ್ಲವರೇ ಬೇಕಾಗಿಲ್ಲ. ಕತ್ತಿ, ಸುತ್ತಿಗೆ ಹಿಡಿಯಬಲ್ಲ ಮನೆಯವರಿಗೆ ಅದು ನಾಲ್ಕು ದಿನದ ಕೆಲಸ. ಒಂದು ದಬ್ಬೆ ಲಡ್ಡಾದರೆ ಅದೊಂದನ್ನು ಕಿತ್ತು ಇನ್ನೊಂದು ಹೊಡೆದರಾಯಿತು. ತಗಡಿನ ಕೆಳಗಿನ ಗೇಣು ಹೋದರೆ ಇಡೀ ಹಾಳೆ ಹೋಯಿತು. ಚಿರತೆ ಬಂದರೆ ಎನ್ನುವವರಿಗೆ ಹೇಳುವುದಿಷ್ಟೆ: ಚಿರತೆ ಹೆಚ್ಚಾಗಿ ನುಗ್ಗುವುದು ಮುರಿದ ಬಾಗಿಲಿನಿಂದ, ಬಾಗಿಲು ಭದ್ರಮಾಡಿ.

ತಗಡಿನ ಜಾಗ ಹೇಳುತ್ತೇನೆಂದಿದ್ದೆ. ಆಗುಂಬೆಯಂಥ ಕಡೆ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಪಡುವಣ, ನೈರುತ್ಯದ ಮುಖಕ್ಕೆ ದಬ್ಬೆಯೊಂದೇ ಸಾಲದು. ಅಲ್ಲಿ, ದಬ್ಬೆಯ ಹೊರಗೆ, ನಾಲ್ಕು ಬೆರಳಿನ ಗಾಳಿಯ ಸಂದು ಬಿಟ್ಟು, ನೆಲದಿಂದ ಗೇಣೆತ್ತರದಲ್ಲಿ ನಿಲ್ಲಿಸಿ ಒಂದು ಸಾಲು ತಗಡು ಹೊಡೆಯಿರಿ, ನನ್ನ ಅಡ್ಡಿಯಿಲ್ಲ. ಹಿಂದೆ ಮಳೆಗಾಲಕ್ಕೆ ಕಟ್ಟಿ ಆಮೇಲೆ ಬಿಚ್ಚುತ್ತಿದ್ದ ಸೋಗೆತಟ್ಟಿಯ ಕೆಲಸವನ್ನು ಅದು ಮಾಡಲಿ. ಉಳಿದ ಮೂರು ಮುಖಕ್ಕೆ ಅದು ಬೇಡ.

ಒಂದು ತಮಾಷೆ ನೋಡಿ. ನಾವು ನಾಚಿಕೆಪಟ್ಟು ಕಿತ್ತೆಸೆದ ದಬ್ಬೆಯನ್ನೇ ರಸ್ತೆಬದಿಯ ಪ್ರವಾಸಿಗೃಹದವರು ಊಟದ ಚಾವಡಿಗೆ ಹೊಡೆಸಿ, ಪೇಟೆಯವರಿಗೆ ಕಾಫಿ ಕೊಟ್ಟು ದುಡ್ಡು ಮಾಡುತ್ತಿದ್ದಾರೆ. ಪೇಟೆಯವರು ಹಣ ಕೊಟ್ಟು ಆ ಗಾಳಿಯಲ್ಲಿ ಕೂರುತ್ತಾರೆ. ನಮ್ಮ ದನ ಮಾತ್ರ ನೀಲಿ ತಗಡಿನೊಳಗೆ ಬೇಯುತ್ತವೆ. ಈ ಸಲ ಕೊಯ್ಲು ಮುಗಿದು ಬಿದ್ದ ಅಡಿಕೆ ಮರಗಳನ್ನು ಸೌದೆಗೆಂದು ಕಡಿಸುವ ಮುಂಚೆ, ಕೊಟ್ಟಿಗೆಯ ಸುತ್ತಳತೆಯನ್ನು ಒಂದು ಸಲ ಮೊಳಹಾಕಿ ನೋಡಿ. ಬಿಸಿಲು ಜೋರಾಗುವ ಹೊತ್ತಿಗೆ ದಬ್ಬೆ ಒಣಗಿರುತ್ತದೆ.