‘ಕರಪ್ಟ್’ ಅನ್ನೋ ಮೊದಲು ಒಳಗೆ ಇಣುಕಿ

ನಮ್ಮ ಆಫೀಸುಗಳಲ್ಲಿ ಅತಿ ಅಗ್ಗದ ತೀರ್ಪು ಯಾವುದು ಗೊತ್ತಾ? ‘ಫೈಲ್ ಕರಪ್ಟ್ ಆಗಿದೆ.’ ಹೇಳಿದವರು ಫೈಲಿನೊಳಗೆ ಇಣುಕಿರುವುದಿಲ್ಲ. ಡಬಲ್ ಕ್ಲಿಕ್ ಮಾಡಿದ್ರು, ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡವು, ಅಷ್ಟೇ. ನಾಡಿ ಹಿಡಿಯದೇ ‘ಸತ್ತಿದ್ದಾನೆ’ ಅಂತ ಬರೆದುಕೊಡೋ ಡಾಕ್ಟರನ್ನು ನಾವು ಸುಮ್ಮನೆ ಬಿಡ್ತೀವಾ?

ಬೀದರ ಪಕ್ಕದ ಅಷ್ಟೂರಿನಿಂದ ನಮ್ಮ ಕಾಕಾ ಒಂದು ಪೆನ್‌ಡ್ರೈವ್ ಕಳಿಸಿದ್ರು. ಬಹಮನಿ ಸುಲ್ತಾನರ ಗುಮ್ಮಟಗಳಿರುವ ಊರು ಅದು. ಅಹ್ಮದ್ ಶಾಹ ವಲಿಯ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಸೇರ್ತಾರೆ. ಅದರ ಬಗ್ಗೆ ಹಿರಿಯರು ಹೇಳಿದ್ದನ್ನೆಲ್ಲ ಕಾಕಾ ವರ್ಷಗಳ ಹಿಂದೆ ‘ನುಡಿ’ಯಲ್ಲಿ ಟೈಪ್ ಮಾಡಿಸಿಟ್ಟಿದ್ದರು. ಫೋನಿನಲ್ಲಿ ಹೇಳಿದ್ದಿಷ್ಟು: “ಖರಾಬ್ ಆಗ್ಯಾದ ಅಂತಾರ ನೋಡು ತಮ್ಮಾ. ಅಳಿಸಿಬಿಡ್ರಿ ಅಂದ್ರು. ನನಗ ಮನಸ್ಸಾಗಲಿಲ್ಲ.”

ಟರ್ಮಿನಲ್ ತೆರೆದು ಎಕ್ಸ್‌ಎಕ್ಸ್‌ಡಿ ಅಂತ ಟೈಪಿಸಿ, ಮುಂದೆ ಫೈಲಿನ ಹೆಸರು ಕೊಟ್ಟೆ. ಬೈಟುಗಳು ಇದ್ದ ಹಾಗೇ ಸಾಲುಗಟ್ಟಿದವು. ‘ಕನ್ನಡ’ ಅನ್ನೋ ಪದ ಇದ್ದ ಕಡೆ 50 ಸಿ0 ಎ3 ಸಿ0 ಡಿಎಫ್ 71 ಸಿ0. ಒಟ್ಟು ಏಳು ಬೈಟು. 50 ಅಂದ್ರೆ ಇಂಗ್ಲಿಷಿನ ‘ಪಿ’. ನುಡಿ ಫಾಂಟು ಆ ಜಾಗದಲ್ಲಿ ‘ಕ’ದ ಮೈ ಬರೆಯುತ್ತೆ. ಸಿ0 ತಲೆಕಟ್ಟು, ಡಿಎಫ್ ನ-ಒತ್ತು. ಒಂದು ಬೈಟೂ ಕಳೆದುಹೋಗಿರಲಿಲ್ಲ. ಕಳೆದುಹೋಗಿದ್ದದ್ದು ಆ ಫಾಂಟು, ಆ ಕಂಪ್ಯೂಟರಿನಿಂದ.

ಅದೇ ಪದ ಯೂನಿಕೋಡಿನ ಯುಟಿಎಫ್-8ನಲ್ಲಿದ್ದರೆ 15 ಬೈಟು. ಪ್ರತಿ ಮೂರು ಬೈಟಿಗೊಮ್ಮೆ ಇ0 ಬಿ2 ಅಥವಾ ಇ0 ಬಿ3 ಬರಬೇಕು. ಬಂದರೆ ಅದು ಕನ್ನಡ, ತೆರೆ ಮೇಲೆ ಏನೇ ಕಾಣಲಿ. ಇಷ್ಟು ಗುರುತಿಸೋಕೆ ಕಂಪ್ಯೂಟರ್ ಸೈನ್ಸ್ ಡಿಗ್ರಿ ಬೇಕಿಲ್ಲ.

ತಪ್ಪು ನುಡಿಯದ್ದು ಅಂತ ನಾನು ಹೇಳಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ನಿಜ. ಆದರೆ ಒತ್ತಕ್ಷರ ಜೋಡಿಸಿ ತೋರಿಸೋ ಶಕ್ತಿ ನಮ್ಮ ಕಂಪ್ಯೂಟರುಗಳಿಗೆ ಎಷ್ಟೋ ವರ್ಷ ಇರಲಿಲ್ಲ. ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗಿಟ್ಟು ಒಂದು ತಲೆಮಾರು ಕೆಲಸ ನಡೆಸಿತು. ಆ ಬಾಡಿಗೆ ಮನೆಯ ವಿಳಾಸವನ್ನು ನಾವು ಮರೆತಿದ್ದೇವೆ. ತಪ್ಪು ಅದು.

‘ಕನ್ವರ್ಟರ್ ಇದೆಯಲ್ಲ, ಬೈಟು ಯಾಕೆ ನೋಡ್ಬೇಕು?’ ಅಂತೀರಿ. ಕನ್ವರ್ಟರಿಗೆ ನೀವೇ ಹೇಳಬೇಕು ಸ್ವಾಮಿ, ಒಳಗಿರೋದು ನುಡಿಯೋ ಶ್ರೀಲಿಪಿಯೋ ಅಂತ. ಒಂದೊಂದರ ಸಂಕೇತ ಒಂದೊಂದು ಥರ. ತಪ್ಪು ಹೇಳಿದರೆ ಅದು ಶ್ರದ್ಧೆಯಿಂದ ಕಸವನ್ನೇ ಕೊಡುತ್ತೆ. ‘ಅದು ಡೆವಲಪರ್‌ಗಳ ಕೆಲಸ’ ಅನ್ನೋರಿಗೆ ಇನ್ನೊಂದು ಮಾತು: ಫೈಲನ್ನು ಕೊಲ್ಲೋದು ಹೆಚ್ಚಾಗಿ ಡೆವಲಪರ್ ಅಲ್ಲ, ಸೇವ್ ಬಟನ್ ಒತ್ತೋ ನೀವು.

ಹೇಗೆ ಅಂತೀರಾ? ತಪ್ಪು ಎನ್‌ಕೋಡಿಂಗ್ ಆರಿಸಿ ಸೇವ್ ಮಾಡಿದರೆ, ಅದರಲ್ಲಿ ಜಾಗವಿಲ್ಲದ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಬಹುದು. ಆಗ ಬೈಟುಗಳಲ್ಲಿ 3ಎಫ್ 3ಎಫ್ 3ಎಫ್ ಅಂತ ಸಾಲು ಕಾಣುತ್ತೆ. ‘ಕ’ ಆಗಿದ್ದದ್ದೂ 3ಎಫ್, ‘ಳ’ ಆಗಿದ್ದದ್ದೂ 3ಎಫ್. ಆ ಫೈಲಿನಿಂದ ಅದನ್ನು ಯಾವ ಕನ್ವರ್ಟರೂ ವಾಪಸ್ ತರಲಾರದು. ಸಾವು ಅಂದ್ರೆ ಇದು. ಇದಕ್ಕೆ ಮುಂಚಿನದೆಲ್ಲ ಬರೀ ಮೂರ್ಛೆ.

ಹಾಗಾಗಿ ಮೊದಲು ಕಾಪಿ ಮಾಡಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಬೈಟು ನೋಡಿ. ಮ್ಯಾಕ್, ಲಿನಕ್ಸಿನಲ್ಲಿ ಹೆಕ್ಸ್‌ಡಂಪ್ ಕೂಡ ಸಾಕು; ವಿಂಡೋಸಿನ ಪವರ್‌ಶೆಲ್ಲಿನಲ್ಲಿ ಫಾರ್ಮ್ಯಾಟ್-ಹೆಕ್ಸ್ ಇದೆ. ಎರಡು ನಿಮಿಷದ ಕೆಲಸ. ನಿಮ್ಮ ಮನೆಯ ಹಳೇ ಸಿ.ಡಿ.ಗಳಲ್ಲೂ ಅಜ್ಜನ ಆತ್ಮಕಥೆಯೋ ಅಮ್ಮನ ಕವಿತೆಯೋ ಹೀಗೇ ಬಿದ್ದಿರಬಹುದು.

ಕಾಕಾನ ಫೈಲನ್ನು ಯೂನಿಕೋಡಿಗೆ ತಂದು ಕಳಿಸಿದೆ. ಸಂಜೆ ಫೋನ್ ಬಂತು: “ಅಪ್ಪನ ಹೆಸರು ಹಾಕಿ ಹುಡುಕಿದ್ನಿ ತಮ್ಮಾ. ಸಿಕ್ತು ನೋಡು.”